ಪೆಟ್ರೋಲ್ ತೆಗೆದು ಮೆಥನಾಲ್ ಸುರಿದ್ರೆ ಆಯ್ತಾ?

ಡ್ರ್ಯಾಗ್ ರೇಸಿಂಗ್ ವಿಡಿಯೊ ನೋಡೋ ಚಟ ಇರುವವರು ನಮ್ಮ ಕ್ಯಾಂಪಸ್ಸಿನಲ್ಲಿ ಕಮ್ಮಿ ಏನಿಲ್ಲ. ಕಾಲು ಮೈಲಿ, ಅಂದ್ರೆ 402 ಮೀಟರ್ ನೇರ ಟ್ರ್ಯಾಕ್, ಎರಡು ಗಾಡಿ, ಹಸಿರು ದೀಪ, ಕಣ್ಣು ಮಿಟುಕಿಸೋದ್ರೊಳಗೆ ರೇಸ್ ಮುಗಿದಿರುತ್ತೆ. ಆದ್ರೆ ಆಮೇಲೆ ಕ್ಯಾಂಟೀನಲ್ಲಿ ಶುರುವಾಗೋ ಚರ್ಚೆ ಅಷ್ಟು ಬೇಗ ಮುಗಿಯಲ್ಲ. "ಅವ್ರು ಪೆಟ್ರೋಲ್ ಬಿಟ್ಟು ಮೆಥನಾಲ್ ಹಾಕ್ತಾರೆ ಕಣೋ, ಅದಕ್ಕೇ ಅಷ್ಟು ಪವರ್" ಅಂತ ಒಬ್ಬ. "ಕಾರ್ಬ್ಯುರೇಟರ್ ಜೆಟ್ ದೊಡ್ಡದು ಮಾಡಿದ್ರೆ ಮುಗೀತು, ನಮ್ಮ ಪ್ರಾಜೆಕ್ಟ್ ಎಂಜಿನ್ನಿಗೂ ಹಾಕಬಹುದು" ಅಂತ ಇನ್ನೊಬ್ಬ. ಮೂರನೆಯವನು ಟೀ ಮುಗಿಸಿ, ಮೆಥನಾಲ್ ಎಲ್ಲಿ ಸಿಗುತ್ತೆ ಅಂತ ಫೋನಲ್ಲಿ ಹುಡುಕೋಕೆ ಶುರು ಮಾಡಿರ್ತಾನೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಡ್ರ್ಯಾಗ್ ಎಂಜಿನ್ ಅನ್ನು ಪೆಟ್ರೋಲಿನಿಂದ ಮೆಥನಾಲಿಗೆ ಬದಲಾಯಿಸೋದು ಇಂಧನ ಬದಲಾಯಿಸೋ ಕೆಲಸ ಅಲ್ಲ. ಟ್ಯಾಂಕಿನಿಂದ ಹಿಡಿದು ಎಂಜಿನ್ ಆಯಿಲ್‌ವರೆಗೆ, ಅಷ್ಟೇ ಯಾಕೆ, ಅದರ ಪಕ್ಕ ನಿಂತಿರೋ ಮನುಷ್ಯರ ಅಭ್ಯಾಸದವರೆಗೆ ಎಲ್ಲವನ್ನೂ ಬದಲಾಯಿಸೋ ಕೆಲಸ. ಇದನ್ನು ಒಪ್ಪಿಕೊಂಡು ಮಾಡೋದಾದ್ರೆ ನಮ್ಮ ಕಾಲೇಜಲ್ಲೂ ಮಾಡಬೇಕು, ಖಂಡಿತ ಮಾಡಬೇಕು. ಒಪ್ಪಿಕೊಳ್ಳದೆ ಬರೀ ಜೆಟ್ ಕೊರೆದು, ಕ್ಯಾನ್ ಎತ್ತಿ ಸುರಿಯೋದಾದ್ರೆ ಬೇಡ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ, ನಾವೆಲ್ಲ ಎಂಜಿನಿಯರಿಂಗ್ ಓದ್ತಿರೋರು ತಾನೇ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪೈಪುಗಳಿಂದ ಬೆಂಕಿ ಉಗುಳುತ್ತಾ ನಾಲ್ಕು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಓಡಿಹೋಗುವ ಟಾಪ್ ಫ್ಯೂಯೆಲ್ ಗಾಡಿಗಳದ್ದು ಮುಖ್ಯವಾಗಿ ನೈಟ್ರೋಮೀಥೇನ್, ಅದರ ಜೊತೆ ಸುಮಾರು ಹತ್ತನೇ ಒಂದು ಭಾಗ ಮೆಥನಾಲ್. ನೈಟ್ರೋಮೀಥೇನ್ ತನ್ನೊಳಗೇ ಆಕ್ಸಿಜನ್ ಹೊತ್ತು ತರುತ್ತೆ, ಅದರ ಕಥೆಯೇ ಬೇರೆ. ಆ ಗಾಡಿಗಳು 2008ರಿಂದ ಕಾಲು ಮೈಲಿ ಓಡೋದೂ ಇಲ್ಲ, 1000 ಅಡಿ ಮಾತ್ರ. ನಾವಿಲ್ಲಿ ಮಾತಾಡ್ತಿರೋದು ಮೆಥನಾಲಿನಲ್ಲೇ ಓಡುವ ಎಂಜಿನ್‌ಗಳ ಬಗ್ಗೆ. ಅಮೆರಿಕದ ಎನ್‌ಎಚ್‌ಆರ್‌ಎ ಸಂಸ್ಥೆಯ ರೇಸ್‌ಗಳಲ್ಲಿ ಟಾಪ್ ಆಲ್ಕೊಹಾಲ್ ಅನ್ನೋ ವರ್ಗಗಳಿವೆ. ಅಲ್ಲಿ ಸೂಪರ್‌ಚಾರ್ಜರ್ ಕೂತ ಮೆಥನಾಲ್ ಎಂಜಿನ್‌ಗಳು ಕಾಲು ಮೈಲಿಯನ್ನು ಐದೂ ಚಿಲ್ಲರೆ ಸೆಕೆಂಡಲ್ಲಿ ಮುಗಿಸಿ, ಗಂಟೆಗೆ 400 ಕಿಲೋಮೀಟರ್ ದಾಟಿ ಹೋಗ್ತವೆ. ಅದರ ಕೆಳಗೆ, ವಾರಾಂತ್ಯದಲ್ಲಿ ಮನೆ ಗ್ಯಾರೇಜಿನಿಂದ ಗಾಡಿ ಎಳೆದುಕೊಂಡು ಬರುವ ಸಾಮಾನ್ಯ ರೇಸರ್‌ಗಳೂ ಪೆಟ್ರೋಲಿನಿಂದ ಮೆಥನಾಲಿಗೆ ಬದಲಾಗ್ತಾರೆ. ನಮಗೆ ಪಾಠ ಇರೋದು ಹೆಚ್ಚಾಗಿ ಈ ಎರಡನೇ ಗುಂಪಿನವರಿಂದ.

ಅರ್ಧ ಶಕ್ತಿಯ ಇಂಧನ

ಮೆಥನಾಲ್ ನಿಜವಾಗಿ ನೋಡಿದ್ರೆ ಬಡಪಾಯಿ ಇಂಧನ. ಒಂದು ಕೆಜಿ ಪೆಟ್ರೋಲ್ ಉರಿಸಿದ್ರೆ ಸುಮಾರು 43.5 ಮೆಗಾಜೂಲ್ ಶಾಖ ಸಿಗುತ್ತೆ. ಒಂದು ಕೆಜಿ ಮೆಥನಾಲಿಗೆ ಸಿಗೋದು ಸುಮಾರು 20 ಮಾತ್ರ, ಅರ್ಧಕ್ಕಿಂತ ಕಡಿಮೆ. ಪೆಟ್ರೋಲಲ್ಲಿ ಲೀಟರಿಗೆ 50 ಕಿಲೋಮೀಟರ್ ಕೊಡೋ ಬೈಕು ಮೆಥನಾಲಲ್ಲಿ ಹೆಚ್ಚುಕಮ್ಮಿ 25ಕ್ಕೆ ಇಳಿಯುತ್ತೆ. ಕ್ಯಾಲೊರಿಫಿಕ್ ವ್ಯಾಲ್ಯೂ ಟೇಬಲ್ ಬಾಯಿಪಾಠ ಮಾಡಿ ಪರೀಕ್ಷೆ ಬರೆದವರಿಗೆ ಇಲ್ಲೇ ತಲೆ ಕೆಡಬೇಕು: ಅರ್ಧ ಶಕ್ತಿಯ ಇಂಧನ ಹಾಕಿ ಜಾಸ್ತಿ ಪವರ್ ತೆಗೆಯೋದು ಹೇಗೆ?

ಉತ್ತರ ಇರೋದು ಇಂಧನದಲ್ಲಿ ಅಲ್ಲ, ಗಾಳಿಯಲ್ಲಿ. ಇಂಧನವನ್ನು ಎಷ್ಟು ಬೇಕಾದ್ರೂ ಪಂಪ್ ಮಾಡಬಹುದು. ಎಂಜಿನ್ನಿಗೆ ನಿಜವಾದ ಬರ ಇರೋದು ಗಾಳಿಗೆ. ಸಿಲಿಂಡರ್ ಎಷ್ಟು ದೊಡ್ಡದೋ, ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತೋ, ಅಷ್ಟೇ ಗಾಳಿ ಒಳಗೆ ಬರೋದು. ಹಾಗಾಗಿ ಕೇಳಬೇಕಾದ ಪ್ರಶ್ನೆ "ಒಂದು ಕೆಜಿ ಇಂಧನದಲ್ಲಿ ಎಷ್ಟು ಶಕ್ತಿ" ಅಂತ ಅಲ್ಲ, "ಒಂದು ಕೆಜಿ ಗಾಳಿ ಬಳಸಿ ಎಷ್ಟು ಶಕ್ತಿ" ಅಂತ.

ಪೆಟ್ರೋಲ್ ಪೂರ್ತಿ ಉರಿಯೋಕೆ ಕೆಜಿಗೆ 14.7 ಕೆಜಿ ಗಾಳಿ ಬೇಕು. ಮೆಥನಾಲ್ ಅಣುವಿನಲ್ಲಿ ಮೊದಲೇ ಒಂದು ಆಕ್ಸಿಜನ್ ಪರಮಾಣು ಇರೋದ್ರಿಂದ ಅದಕ್ಕೆ ಸುಮಾರು 6.45 ಕೆಜಿ ಸಾಕು. ಈಗ ಭಾಗಿಸಿ ನೋಡಿ. ಒಂದು ಕೆಜಿ ಗಾಳಿಗೆ ಪೆಟ್ರೋಲಿನಿಂದ ಬರೋದು ಸುಮಾರು 2.96 ಮೆಗಾಜೂಲ್, ಮೆಥನಾಲಿನಿಂದ ಸುಮಾರು 3.09. ಬಡಪಾಯಿ ಗೆದ್ದ! ಆದ್ರೆ ಎಷ್ಟರಿಂದ? ಶೇಕಡಾ ನಾಲ್ಕೈದರಿಂದ. ಕ್ಯಾಂಟೀನಿನ ಚರ್ಚೆಯಲ್ಲಿ ಕೇಳಿಬರೋ "ಡಬಲ್ ಪವರ್" ಎಲ್ಲೂ ಇಲ್ಲ. ಈ ನಾಲ್ಕೈದು ಶೇಕಡಾಕ್ಕಾಗಿ ಎರಡು ಪಟ್ಟಿಗಿಂತ ಜಾಸ್ತಿ ಇಂಧನ ಸುರಿಯಬೇಕು ಅನ್ನೋದನ್ನ ಮಾತ್ರ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಿಜವಾದ ಲಾಭ ತಂಪಿನಲ್ಲಿ

ಮೆಥನಾಲಿನ ದೊಡ್ಡ ಗುಣ ಬೇರೆ ಇದೆ. ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತೆ. ಗುಪ್ತ ಶಾಖ ಅಂತ ಹೈಸ್ಕೂಲಲ್ಲಿ ಓದಿದ್ದೇ, ಈಗಿನ ಪುಸ್ತಕದಲ್ಲಿ ಲೇಟೆಂಟ್ ಹೀಟ್. ಮಣ್ಣಿನ ಮಡಕೆಯ ನೀರು ತಣ್ಣಗಾಗೋದೂ ಇದರಿಂದಲೇ. ಒಂದು ಕೆಜಿ ಪೆಟ್ರೋಲ್ ಆವಿಯಾಗೋಕೆ ಸುಮಾರು 350 ಕಿಲೋಜೂಲ್ ಬೇಕು. ಮೆಥನಾಲಿಗೆ ಸುಮಾರು 1100. ಅದರ ಮೇಲೆ, ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಮೆಥನಾಲ್ ಹೋಗ್ತಿದೆ. ಎರಡನ್ನೂ ಗುಣಿಸಿದ್ರೆ, ಪ್ರತಿ ಕೆಜಿ ಗಾಳಿಯಿಂದ ಪೆಟ್ರೋಲ್ ಎಳೆದುಕೊಳ್ಳೋದು 24 ಕಿಲೋಜೂಲ್, ಮೆಥನಾಲ್ ಎಳೆದುಕೊಳ್ಳೋದು 170. ಏಳು ಪಟ್ಟು!

ಮೆಥನಾಲೆಲ್ಲ ಪೂರ್ತಿ ಆವಿಯಾಗಿ, ಅಷ್ಟೂ ಶಾಖ ಗಾಳಿಯಿಂದಲೇ ಬಂದ್ರೆ ಗಾಳಿ 170 ಡಿಗ್ರಿಯಷ್ಟು ತಣ್ಣಗಾಗಬೇಕಿತ್ತು. ನಿಜದಲ್ಲಿ ಹಾಗಾಗಲ್ಲ. ಅರ್ಧಂಬರ್ಧ ಆವಿಯಾಗುತ್ತೆ, ಒಂದಷ್ಟು ಶಾಖ ಲೋಹದ ಗೋಡೆಯಿಂದ ಬರುತ್ತೆ. ಆದ್ರೂ ಓಡ್ತಿರೋ ಎಂಜಿನ್ನಿನ ಇಂಟೇಕ್ ಪೈಪಿನ ಮೇಲೆ ಬೆವರು ಹನಿಗಟ್ಟಿ, ಕೆಲವೊಮ್ಮೆ ಮಂಜೇ ಕೂರುತ್ತೆ. ತಣ್ಣನೆ ಗಾಳಿ ಅಂದ್ರೆ ದಟ್ಟ ಗಾಳಿ, ಅದೇ ಸಿಲಿಂಡರಲ್ಲಿ ಹೆಚ್ಚು ಆಕ್ಸಿಜನ್. ಜೊತೆಗೆ ನಾಕ್ ಆಗೋ ಭಯವೂ ದೂರ. ಮೆಥನಾಲಿನ ರಿಸರ್ಚ್ ಆಕ್ಟೇನ್ ಸಂಖ್ಯೆ 109ರ ಆಸುಪಾಸು. ಹಾಗಾಗಿ ಪೆಟ್ರೋಲಲ್ಲಿ 10ಕ್ಕೆ ನಿಲ್ಲಿಸಬೇಕಾದ ಕಂಪ್ರೆಷನ್ ರೇಶಿಯೊವನ್ನು 14ಕ್ಕೆ ಏರಿಸಬಹುದು. ಆಟೊ ಸೈಕಲ್ ಸೂತ್ರದಲ್ಲಿ ಹಾಕಿ ನೋಡಿದ್ರೆ ದಕ್ಷತೆ 0.60ರಿಂದ 0.65ಕ್ಕೆ ಹೋಗುತ್ತೆ, ಅಂದ್ರೆ ಕಾಗದದ ಮೇಲೆ ಸುಮಾರು ಶೇ. 8 ಹೆಚ್ಚು.

ಇಲ್ಲಿ ಒಂದು ಮಾತು ಗಮನಿಸಿ. ಈ ಶೇ. 8 ಮೆಥನಾಲ್ ಸುರಿದಿದ್ದಕ್ಕೆ ಬರಲ್ಲ. ಪಿಸ್ಟನ್ ಬದಲಿಸಿದ್ದಕ್ಕೋ, ಹೆಡ್ ಕೆಲಸ ಮಾಡಿಸಿದ್ದಕ್ಕೋ ಬರೋದು. ಪೆಟ್ರೋಲಿಗಂತ ಕಟ್ಟಿದ ಎಂಜಿನ್ನಿಗೆ ಮೆಥನಾಲ್ ಹಾಕಿದ್ರೆ ಆ ಎಂಜಿನ್ನಿಗೆ ಅದರ ಉಪಯೋಗ ಪಡೆಯೋಕೆ ಗೊತ್ತೇ ಆಗಲ್ಲ. ಪವರ್ ಇಂಧನದಲ್ಲಿ ಇಲ್ಲ, ಇಂಧನ ಕೊಟ್ಟ ಅವಕಾಶವನ್ನು ನಾವು ಹೇಗೆ ಬಳಸಿಕೊಂಡ್ವಿ ಅನ್ನೋದ್ರಲ್ಲಿದೆ.

ಗೆಲ್ಲಿಸೋದು ಪವರ್ ಅಲ್ಲ, ಭರವಸೆ

ವಾರಾಂತ್ಯದ ರೇಸರ್‌ಗಳು ಬದಲಾಗೋಕೆ ಇನ್ನೊಂದು ಕಾರಣ ಇದೆ, ಅದು ನಮ್ಮಲ್ಲಿ ಯಾರೂ ಮಾತಾಡದ ಕಾರಣ. ಅವರಲ್ಲಿ ಬಹಳ ಜನ ಓಡಿಸೋದು ಬ್ರ್ಯಾಕೆಟ್ ರೇಸ್. ಅದರ ನಿಯಮ ಮಜವಾಗಿದೆ. ನಿಮ್ಮ ಗಾಡಿ ಎಷ್ಟು ಸೆಕೆಂಡಲ್ಲಿ ಓಡುತ್ತೆ ಅಂತ ಮೊದಲೇ ಗಾಡಿಯ ಗಾಜಿನ ಮೇಲೆ ಬರೆಯಬೇಕು. 10.50 ಅಂತ ಬರೆದ್ರೆ 10.51 ಓಡಿದ್ದು ಭೇಷ್. ಅದೇ 10.48 ಓಡಿದ್ರೆ, ಹೇಳಿದ್ದಕ್ಕಿಂತ ಬೇಗ ಓಡಿದ ತಪ್ಪಿಗೆ ಸಾಮಾನ್ಯವಾಗಿ ಸೋಲು. ನಿಧಾನದ ಗಾಡಿಗೆ ಮೊದಲೇ ಹಸಿರು ದೀಪ ಸಿಗುತ್ತೆ. ಹಾಗಾಗಿ ಯಾರ ಗಾಡಿ ಜೋರು ಅನ್ನೋದಲ್ಲ, ಯಾರ ಗಾಡಿ ಹೇಳಿದ ಮಾತಿಗೆ ನಿಲ್ಲುತ್ತೆ ಅನ್ನೋದೇ ಪಂದ್ಯ.

ಪೆಟ್ರೋಲ್ ಎಂಜಿನ್ ಬೆಳಿಗ್ಗೆ ತಂಪಲ್ಲಿ ಒಂದು ಥರ, ಮಧ್ಯಾಹ್ನ ಬಿಸಿಲಲ್ಲಿ ಇನ್ನೊಂದು ಥರ. ಒಂದರ ಹಿಂದೆ ಒಂದು ಓಟ ಬಂದು ಎಂಜಿನ್ ಕಾದ್ರೆ ಮತ್ತೂ ಬೇರೆ. ಮೆಥನಾಲ್ ಎಂಜಿನ್ನೂ ಹವಾಮಾನಕ್ಕೆ ಅಲುಗಾಡುತ್ತೆ, ಆದ್ರೆ ಕಡಿಮೆ. ಅದು ತನ್ನನ್ನು ತಾನೇ ತಣ್ಣಗಿಟ್ಟುಕೊಳ್ಳುತ್ತೆ. ಮಿಶ್ರಣ ಸ್ವಲ್ಪ ಹೆಚ್ಚು ರಿಚ್ ಆದ್ರೂ ಪವರ್ ಅಷ್ಟಾಗಿ ಬೀಳಲ್ಲ. ಟಾಪ್ ಆಲ್ಕೊಹಾಲ್ ಎಂಜಿನ್‌ಗಳ ಅಲ್ಯೂಮಿನಿಯಂ ಬ್ಲಾಕಿನಲ್ಲಂತೂ ನೀರಿನ ದಾರಿಯೇ ಇರಲ್ಲ, ರೇಡಿಯೇಟರೂ ಇಲ್ಲ. ಕೂಲಿಂಗ್ ಕೆಲಸವನ್ನೂ ಇಂಧನವೇ ಮಾಡುತ್ತೆ.

ಇನ್ನು ಇಂಧನದ ಖರ್ಚು? ಹತ್ತು ಸೆಕೆಂಡಿನ ಓಟಕ್ಕೆ ಅದೊಂದು ಲೆಕ್ಕವೇ ಅಲ್ಲ. ಎರಡು ಪಟ್ಟು ಕುಡಿದ್ರೂ ಓಟಕ್ಕೆ ಒಂದು ಲೀಟರ್ ಆಗಲ್ಲ. ರಸ್ತೆ ಮೇಲೆ ದೊಡ್ಡ ದೋಷವಾಗಿದ್ದದ್ದು ಡ್ರ್ಯಾಗ್ ಸ್ಟ್ರಿಪ್ ಮೇಲೆ ದೋಷವೇ ಅಲ್ಲ. ಹೀಗಾಗಿ "ಒಳ್ಳೆ ಇಂಧನ ಯಾವುದು" ಅನ್ನೋ ಪ್ರಶ್ನೆಗೆ ಅರ್ಥ ಇಲ್ಲ. "ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾರ ಕೈಗೆ" ಅಂತ ಸೇರಿಸಿದ ಮೇಲೆಯೇ ಅದಕ್ಕೆ ಅರ್ಥ ಬರೋದು.

ಜೆಟ್ ಒಂದೇ ಸಾಲದು

ಈಗ "ಜೆಟ್ ದೊಡ್ಡದು ಮಾಡಿದ್ರೆ ಮುಗೀತು" ಅನ್ನೋ ಮಾತಿಗೆ ಬರೋಣ. ಡ್ರ್ಯಾಗ್ ಲೋಕದಲ್ಲಿ ಎಲ್ಲರಿಗೂ ಪರಿಚಯ ಇರೋ ಶೆವರ್ಲೆಯ 350 ಘನ ಇಂಚಿನ ಸ್ಮಾಲ್ ಬ್ಲಾಕ್ ವಿ8 ತಗೊಳ್ಳಿ, ಅಂದ್ರೆ 5.7 ಲೀಟರ್. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಅಷ್ಟು ಗಾಳಿ ಎಳೆಯುತ್ತೆ. 6500 ಆರ್‌ಪಿಎಂನಲ್ಲಿ ಸಿಲಿಂಡರ್ ಪೂರ್ತಿ ತುಂಬುತ್ತೆ ಅಂತ ಇಟ್ಕೊಂಡ್ರೆ ನಿಮಿಷಕ್ಕೆ ಸುಮಾರು 18.5 ಘನ ಮೀಟರ್, ತೂಕದಲ್ಲಿ 22 ಕೆಜಿ ಗಾಳಿ. ರೇಸ್ ಟ್ಯೂನಿಂಗ್‌ನಲ್ಲಿ ಮಿಶ್ರಣ ರಿಚ್ ಇರುತ್ತೆ. ಪೆಟ್ರೋಲಿಗೆ 12.5ಕ್ಕೆ 1, ಮೆಥನಾಲಿಗೆ 5ಕ್ಕೆ 1 ಅಂತ ಇಟ್ಟುಕೊಳ್ಳೋಣ. ಆಗ ಪೆಟ್ರೋಲ್ ಬೇಕಾಗೋದು ನಿಮಿಷಕ್ಕೆ ಸುಮಾರು 2.4 ಲೀಟರ್, ಮೆಥನಾಲ್ 5.5 ಲೀಟರ್.

ಜೆಟ್ಟಿನ ರಂಧ್ರದ ವಿಸ್ತೀರ್ಣ ಎರಡೂವರೆ ಪಟ್ಟಿನ ಹತ್ತಿರ ಹೋಗಬೇಕು, ವ್ಯಾಸದಲ್ಲಿ ಒಂದೂವರೆ ಪಟ್ಟು. ಸರಿ, ಕೊರೆದ್ವಿ. ಆದ್ರೆ ಜೆಟ್ಟಿಗೆ ಇಂಧನ ಕೊಡೋದು ಫ್ಲೋಟ್ ಬೌಲ್. ಬೌಲಿಗೆ ಕೊಡೋದು ನೀಡಲ್ ಮತ್ತು ಸೀಟ್. ಅದಕ್ಕೆ ಕೊಡೋದು ಪೈಪ್, ಪೈಪಿಗೆ ಫಿಲ್ಟರ್, ಫಿಲ್ಟರಿಗೆ ಪಂಪ್, ಪಂಪಿಗೆ ಟ್ಯಾಂಕಿನ ತೂತು. ಇಷ್ಟರಲ್ಲಿ ಒಂದೇ ಒಂದು ಕಡೆ ಹಳೇ ಅಳತೆ ಉಳಿದಿದ್ರೂ ಮುಗೀತು. ಸ್ಟಾರ್ಟಿಂಗ್ ಲೈನಿನಲ್ಲಿ ಎಂಜಿನ್ ಚೆನ್ನಾಗೇ ಗುಡುಗುತ್ತೆ. ಬೌಲ್ ಖಾಲಿಯಾಗೋದು ಓಟದ ನಡುವೆ, ಫುಲ್ ಥ್ರಾಟಲಿನಲ್ಲಿ, ತಂಪು ಅತಿ ಹೆಚ್ಚು ಬೇಕಾದ ಹೊತ್ತಲ್ಲಿ. ಮಿಶ್ರಣ ಲೀನ್ ಆಗುತ್ತೆ, ತಣ್ಣಗಿಡ್ತಿದ್ದ ಇಂಧನವೇ ಇಲ್ಲ ಅಂದ ಮೇಲೆ ಪಿಸ್ಟನ್ ಕರಗೋಕೆ ಹೊತ್ತು ಬೇಕಾಗಲ್ಲ. ಮೆಥನಾಲಿಗೆ ಇನ್ನೊಂದು ಕೆಟ್ಟ ಚಾಳಿ ಇದೆ. ನಾಕ್ ಆಗಲ್ಲ ನಿಜ, ಆದ್ರೆ ಕಾದ ಲೋಹ ತಾಗಿದ್ರೆ ಸ್ಪಾರ್ಕ್ ಬರೋಕೆ ಮೊದಲೇ ಹೊತ್ತಿಕೊಳ್ಳುತ್ತೆ. ಅದಕ್ಕೇ ಬೇಗ ತಣ್ಣಗಾಗೋ ಜಾತಿಯ ಸ್ಪಾರ್ಕ್ ಪ್ಲಗ್ ಹಾಕ್ತಾರೆ.

ಸ್ಟಾರ್ಟ್ ಮಾಡೋದೂ ಸುಲಭ ಇಲ್ಲ. ಪೆಟ್ರೋಲಿನಲ್ಲಿ ನೂರಾರು ಘಟಕಗಳಿವೆ, ಕೆಲವು ಚಳಿಯಲ್ಲೂ ಆವಿಯಾಗಿ ಎಂಜಿನ್ ಎಬ್ಬಿಸ್ತವೆ. ಮೆಥನಾಲ್ ಒಂದೇ ವಸ್ತು, ಕುದಿಯೋದು 65 ಡಿಗ್ರಿಯ ಹತ್ತಿರ. ಸುಮಾರು 11-12 ಡಿಗ್ರಿಗಿಂತ ಕೆಳಗೆ ಹೊತ್ತಿಕೊಳ್ಳುವಷ್ಟು ಆವಿಯೇ ಏಳಲ್ಲ. ಹಾಗಾಗಿ ಇಂಟೇಕಿಗೆ ಸ್ವಲ್ಪ ಪೆಟ್ರೋಲ್ ಚಿಮುಕಿಸಿ ಎಂಜಿನ್ ಎಬ್ಬಿಸೋದು ರೇಸರ್‌ಗಳ ಹಳೇ ಉಪಾಯ.

ಓಟ ಮುಗಿದ ಮೇಲೂ ಕೆಲಸ ಮುಗಿಯಲ್ಲ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತೆ. ಅಲ್ಯೂಮಿನಿಯಂ, ಮೆಗ್ನೀಷಿಯಂ, ಸತುವನ್ನು ತಿನ್ನುತ್ತೆ. ಪೆಟ್ರೋಲಿಗಂತ ಮಾಡಿದ ಕೆಲವು ರಬ್ಬರ್ ಪೈಪು, ಸೀಲುಗಳು ಉಬ್ಬಿ ಹಾಳಾಗ್ತವೆ. ಪಂಪಿಗೆ ಬೇಕಾದ ಜಿಡ್ಡು ಅದರಲ್ಲಿಲ್ಲ. ಉರಿಯದೆ ಉಳಿದದ್ದು ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರಿ ಅದನ್ನು ಹಾಲಿನ ಹಾಗೆ ಮಾಡುತ್ತೆ. ಹಾಗಾಗಿ ಪ್ರತಿ ರೇಸ್ ದಿನದ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಲೈನ್‌ಗಳನ್ನು ತೊಳೆದು, ಆಯಿಲ್ ಬದಲಿಸಬೇಕು. ನಿಮ್ಮ ತಂಡದಲ್ಲಿ ಈ ಬೇಜಾರಿನ ಕೆಲಸಕ್ಕೆ ಯಾರು ಉಳ್ಕೋತಾರೆ? ಆ ಪ್ರಶ್ನೆಗೆ ಒಂದು ಹೆಸರು ಸಿಗೋವರೆಗೆ ಮೆಥನಾಲಿನ ಮಾತು ಎತ್ತಬೇಡಿ ಅಂತ ನಾವು ಹೇಳೋದು.

ಕಾಣದ ಬೆಂಕಿ

ಇಲ್ಲಿವರೆಗೆ ಹಾಳಾಗಿದ್ದು ಲೋಹ. ಈಗ ಮನುಷ್ಯರ ವಿಷಯ.

ಮೆಥನಾಲ್ ರೇಸಿಂಗಿನಲ್ಲಿ ಬೇರೂರಿದ್ದಕ್ಕೆ ಒಂದು ಕಾರಣ ಸುರಕ್ಷತೆಯೇ ಆಗಿತ್ತು ಅಂದ್ರೆ ಆಶ್ಚರ್ಯ ಆಗಬಹುದು. 1964ರ ಇಂಡಿಯಾನಾಪೊಲಿಸ್ 500 ರೇಸಿನ ಎರಡನೇ ಸುತ್ತಿನಲ್ಲೇ ನಡೆದ ಅಪಘಾತದಲ್ಲಿ ಪೆಟ್ರೋಲ್ ಭುಗಿಲೆದ್ದು ಡೇವ್ ಮೆಕ್‌ಡೊನಾಲ್ಡ್ ಮತ್ತು ಎಡ್ಡಿ ಸ್ಯಾಕ್ಸ್ ಎಂಬ ಇಬ್ಬರು ಚಾಲಕರು ಸತ್ತರು. ಮುಂದಿನ ವರ್ಷದಿಂದ ಅಲ್ಲಿ ಮೆಥನಾಲ್ ಬಂತು. ಅದರ ಬೆಂಕಿಯ ಶಾಖ ಕಡಿಮೆ, ಕಪ್ಪು ಹೊಗೆ ಇಲ್ಲ, ನೀರಿನ ಜೊತೆ ಬೆರೆಯೋದ್ರಿಂದ ನೀರು ಹಾಕಿಯೇ ಆರಿಸಬಹುದು.

ಆದ್ರೆ ಆ ಬೆಂಕಿ ಹಗಲಲ್ಲಿ ಕಾಣಲ್ಲ. 1981ರ ಅದೇ ರೇಸಿನಲ್ಲಿ ರಿಕ್ ಮಿಯರ್ಸ್ ಇಂಧನ ತುಂಬಿಸಿಕೊಳ್ಳೋಕೆ ನಿಂತಾಗ ಮೆಥನಾಲ್ ಚೆಲ್ಲಿ ಹೊತ್ತಿಕೊಂಡಿತು. ನೋಡಿದವರಿಗೆ ಮನುಷ್ಯರು ಸುಮ್ಮನೆ ಕೈಕಾಲು ಬಡಿಯುತ್ತಾ ಓಡಾಡುತ್ತಿರೋದು ಮಾತ್ರ ಕಾಣ್ತು, ಜ್ವಾಲೆ ಇಲ್ಲ. ಬೆಂಕಿ ಎಲ್ಲಿದೆ ಅಂತ ಸಹಾಯಕ್ಕೆ ಬಂದವರಿಗೇ ತಿಳಿಯಲಿಲ್ಲ. ಕೊನೆಗೆ ಮಿಯರ್ಸ್ ತಂದೆಯೇ ಅಗ್ನಿಶಾಮಕ ಸಿಲಿಂಡರ್ ಹಿಡಿದು ಮಗನ ಮೇಲಿನ ಬೆಂಕಿ ಆರಿಸಿದರು. ಪಳಗಿದ ತಂಡ, ಸಿದ್ಧವಾಗಿದ್ದ ಸಲಕರಣೆ, ಎಲ್ಲ ಇದ್ದೂ ಹೀಗಾಯ್ತು. ನಮ್ಮ ವರ್ಕ್‌ಶಾಪಿನ ಮೂಲೆಯಲ್ಲಿ ಧೂಳು ಹಿಡಿದು ನೇತಾಡ್ತಿರೋ ಸಿಲಿಂಡರಿನ ತಪಾಸಣೆ ದಿನಾಂಕವನ್ನು ಕೊನೆಯ ಸಲ ಯಾರು ಓದಿದ್ರು?

ಅದೇ 1981ರ ಜುಲೈನಲ್ಲಿ, ಇಂಡಿಯಾನಾಪೊಲಿಸಿಗೆ ಯಾವ ಸಂಬಂಧವೂ ಇಲ್ಲದ ನಮ್ಮ ಬೆಂಗಳೂರಿನಲ್ಲಿ, ಕಳ್ಳಭಟ್ಟಿ ಕುಡಿದ 300ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಬೆರೆತಿದ್ದದ್ದು ಇದೇ ಮೆಥನಾಲ್. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೊಲ್ಲುತ್ತೆ. 10 ಮಿಲಿಲೀಟರ್, ಅಂದ್ರೆ ಎರಡು ಟೀ ಚಮಚದಷ್ಟು ಹೊಟ್ಟೆ ಸೇರಿದ್ರೂ ದೃಷ್ಟಿ ಹೋಗಬಹುದು. ಲಕ್ಷಣಗಳು ತಕ್ಷಣ ಕಾಣಿಸಿಕೊಳ್ಳಲ್ಲ, ಅರ್ಧ ದಿನ, ಒಂದು ದಿನ ಕಳೆದ ಮೇಲೆ ಕಾಣ್ತವೆ. ಚರ್ಮದ ಮೂಲಕವೂ, ಉಸಿರಿನ ಮೂಲಕವೂ ಅದು ಒಳಗೆ ಹೋಗುತ್ತೆ.

ಈಗ ನಮ್ಮ ಅಭ್ಯಾಸ ನೆನಪಿಸಿಕೊಳ್ಳಿ. ಒಂದು ಗಾಡಿಯಿಂದ ಇನ್ನೊಂದಕ್ಕೆ ಪೆಟ್ರೋಲ್ ಬೇಕಾದ್ರೆ ಪೈಪಿಗೆ ಬಾಯಿ ಹಾಕಿ ಎಳೀತೀವಿ. ಬಾಯಿಗೆ ಬಂದದ್ದನ್ನು ಥೂ ಅಂತ ಉಗಿದು ನಗ್ತೀವಿ. ಉಳಿದದ್ದನ್ನು ಖಾಲಿ ನೀರಿನ ಬಾಟಲಿಗೆ ತುಂಬಿ ಬೆಂಚಿನ ಕೆಳಗೆ ಇಡ್ತೀವಿ. ಮೆಥನಾಲ್ ನೋಡೋಕೆ ಥೇಟ್ ನೀರಿನ ಹಾಗೇ ಇರುತ್ತೆ. ಅದೇ ಬೆಂಚಿಗೆ ಮಧ್ಯಾಹ್ನ ಬಾಯಾರಿ ಬಂದವನು ಏನು ಮಾಡ್ತಾನೆ? ಈ ಒಂದು ಚಿತ್ರ ತಲೆಯಲ್ಲಿ ನಿಂತರೆ ಸಾಕು, ಇಂಧನ ಬದಲಿಸೋದು ಅಂದ್ರೆ ಮನುಷ್ಯರ ಅಭ್ಯಾಸ ಬದಲಿಸೋದು ಅಂತ ನಾವು ಯಾಕೆ ಹೇಳಿದ್ವಿ ಅನ್ನೋದು ಅರ್ಥ ಆಗುತ್ತೆ.

ಹಾಗಾದ್ರೆ ಬೇಡ್ವಾ?

"ಇಷ್ಟೆಲ್ಲ ಹೆದರಿಸೋ ಬದಲು ನಿಷೇಧ ಮಾಡಿ ಅಂತಲೇ ಬರೀಬಹುದಿತ್ತಲ್ಲ" ಅಂತ ಕೇಳೋರಿದ್ದಾರೆ. ಇಲ್ಲ, ನಿಷೇಧಕ್ಕೆ ನಮ್ಮ ವಿರೋಧ ಇದೆ. ಕಾಲೇಜಲ್ಲಿ ಬೇಡ ಅಂದ್ರೆ ಆ ಕೆಲಸ ನಿಲ್ಲಲ್ಲ, ಹಾಸ್ಟೆಲ್ ಹಿಂದಿನ ಶೆಡ್ಡಿಗೆ ಹೋಗುತ್ತೆ. ಅಲ್ಲಿ ನೀರೂ ಇರಲ್ಲ, ಹೇಳಿಕೊಡೋ ಮೇಷ್ಟ್ರೂ ಇರಲ್ಲ.

ಇನ್ನೊಂದು ಕಾರಣ, ಆಲ್ಕೊಹಾಲ್ ಇಂಧನ ರೇಸ್ ಟ್ರ್ಯಾಕಿನಲ್ಲೇ ಉಳಿದಿಲ್ಲ. ನಮ್ಮ ಬಂಕುಗಳಲ್ಲಿ ಸಿಗ್ತಿರೋ ಇ20 ಪೆಟ್ರೋಲಿನ ಐದನೇ ಒಂದು ಭಾಗ ಎಥನಾಲ್, ಮೆಥನಾಲಿನ ದೊಡ್ಡಣ್ಣ. ಮೈಲೇಜ್ ಬಿತ್ತು, ರಬ್ಬರ್ ಹೋಯ್ತು ಅನ್ನೋ ಜಗಳದ ಹಿಂದೆ ಇರೋದೂ ಮೇಲೆ ಹೇಳಿದ ಲೆಕ್ಕವೇ. ಲೀಟರಿನ ಶಕ್ತಿ ಲೆಕ್ಕದ ಪ್ರಕಾರ ಸುಮಾರು ಶೇ. 7 ಕಡಿಮೆ. 2023ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಡೀಸೆಲಿಗೆ ಶೇ. 15 ಮೆಥನಾಲ್ ಬೆರೆಸಿ ಬಿಎಂಟಿಸಿ ಬಸ್ಸುಗಳನ್ನು ಪ್ರಯೋಗಕ್ಕೆ ಓಡಿಸೋಕೆ ಶುರು ಮಾಡಿದ್ರು. ಅದೇ ವರ್ಷ ಮೆಥನಾಲಿನಲ್ಲಿ ಓಡುವ ಕಂಟೇನರ್ ಹಡಗನ್ನು ಮಾರ್ಸ್ಕ್ ಕಂಪನಿ ನೀರಿಗಿಳಿಸಿತು. ನಾಳೆ ನಮ್ಮಲ್ಲಿ ಯಾರೋ ಒಬ್ಬರು ಇಂಥ ಎಂಜಿನ್ ಮುಂದೆ ಸಂಬಳಕ್ಕೆ ನಿಂತಿರ್ತಾರೆ. ಆ ದಿನ ಮೊದಲ ಸಲ ಮೆಥನಾಲಿನ ಮುಖ ನೋಡೋ ಹಾಗಾಗಬಾರದು. ಮತ್ತೆ ಅದನ್ನು ಕಲಿಯೋಕೆ ಡ್ರ್ಯಾಗ್ ಎಂಜಿನ್ನಿಗಿಂತ ಒಳ್ಳೆ ಪಾಠ ಇಲ್ಲ. ಗಾಳಿ, ಶಾಖ, ಹರಿವು, ಲೋಹ, ಬೆಂಕಿ, ಐದು ಸೆಮಿಸ್ಟರಿನ ವಿಷಯ ಹತ್ತು ಸೆಕೆಂಡಿನ ಓಟದಲ್ಲಿ ಒಟ್ಟಿಗೆ ಬರ್ತವೆ.

ಹಾಗಾಗಿ ನಮ್ಮ ಬೇಡಿಕೆ ಇಷ್ಟು.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್. ಗಾಳಿ ಎಷ್ಟು, ಇಂಧನ ಎಷ್ಟು, ಟ್ಯಾಂಕಿನಿಂದ ಜೆಟ್ಟಿನವರೆಗೆ ಪ್ರತಿ ಭಾಗದಲ್ಲಿ ಎಷ್ಟು ಹರಿಯುತ್ತೆ, ಯಾವ ಭಾಗ ಯಾವ ಲೋಹದ್ದು ಅಂತ ಬರೆದು ಮೇಷ್ಟ್ರ ಸಹಿ ಆದ ಮೇಲೆಯೇ ಎಂಜಿನ್ ಮುಟ್ಟಬೇಕು.

ಎರಡನೆಯದು, ಕೆಲಸ ಟೆಸ್ಟ್ ಬೆಡ್ ಮೇಲೆ ಮಾತ್ರ. ಒಂದೇ ಸಿಲಿಂಡರಿನ ಸಣ್ಣ ಎಂಜಿನ್, ಗಾಳಿಯಾಡೋ ಜಾಗ. ನಂಬರ್ ಪ್ಲೇಟ್ ಇರೋ ಗಾಡಿಗೆ ಬೇಡವೇ ಬೇಡ. ಅನುಮತಿ ಇಲ್ಲದೆ ಗಾಡಿಯ ಮೂಲ ವಿನ್ಯಾಸ ಬದಲಿಸೋದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. ರಾತ್ರಿ ಹೊತ್ತು ಹೈವೇಯಲ್ಲಿ ರೇಸ್ ಬಿಡೋರಿಗೆ ನಮ್ಮ ಲೇಖನದಲ್ಲಿ ಯಾವ ಬೆಂಬಲವೂ ಇಲ್ಲ, ಅದು ರೇಸಿಂಗೂ ಅಲ್ಲ, ಎಂಜಿನಿಯರಿಂಗೂ ಅಲ್ಲ.

ಮೂರನೆಯದು, ಎಂಜಿನ್ ಓಡುವಾಗ ಒಬ್ಬರಿಗೆ ಬೆಂಕಿ ನೋಡೋದೊಂದೇ ಕೆಲಸ. ಕೈಯಲ್ಲಿ ತಪಾಸಣೆಯಾದ ಸಿಲಿಂಡರ್, ಪಕ್ಕದಲ್ಲಿ ಧಾರಾಳ ನೀರು. ಫೋಮ್ ಇಡೋದಾದ್ರೆ ಆಲ್ಕೊಹಾಲಿಗೆ ಕರಗದ ಜಾತಿಯದ್ದೇ ಬೇಕು, ಮಾಮೂಲಿ ಫೋಮ್ ಮೆಥನಾಲ್ ಮೇಲೆ ನಿಲ್ಲಲ್ಲ. ಲ್ಯಾಬಿನಲ್ಲಿ ಥರ್ಮಲ್ ಕ್ಯಾಮೆರಾ ಇದ್ರೆ ಅದನ್ನು ಬೀರುವಿನಿಂದ ಹೊರಗೆ ತೆಗೀರಿ. ಕಣ್ಣಿಗೆ ಕಾಣದ ಬೆಂಕಿ ಅದಕ್ಕೆ ಕಾಣುತ್ತೆ.

ನಾಲ್ಕನೆಯದು, ಮೆಥನಾಲ್ ಕಾಲೇಜಿನ ಮೂಲಕವೇ ಬರಬೇಕು, ಬೀಗದ ಕೋಣೆಯಲ್ಲಿರಬೇಕು, ಪ್ರತಿ ಲೀಟರಿಗೂ ರಿಜಿಸ್ಟರ್ ಇರಬೇಕು. ಡಬ್ಬದ ಮೇಲೆ ಕನ್ನಡದಲ್ಲೂ "ವಿಷ" ಅಂತ ದೊಡ್ಡದಾಗಿ ಬರೆದಿರಬೇಕು. ವರ್ಕ್‌ಶಾಪ್ ಗುಡಿಸೋಕೆ ಬರೋ ಅಕ್ಕನಿಗೆ, ಹಳೇ ಅಟೆಂಡರ್ ಅಣ್ಣನಿಗೆ ಅದು ಓದೋಕೆ ಬರಬೇಕು. ನೀರಿನ ಬಾಟಲಿಗೆ ತುಂಬಿದವರು, ಪೈಪಿಗೆ ಬಾಯಿ ಹಾಕಿದವರು ಆ ದಿನವೇ ತಂಡದಿಂದ ಹೊರಗೆ. ಇದರಲ್ಲಿ ರಿಯಾಯಿತಿ ಬೇಡ.

ಇಷ್ಟೂ ಮಾಡೋಕೆ ಒಂದು ಸೆಮಿಸ್ಟರ್ ಪೂರ್ತಿ ಹೋಗಬಹುದು, ಕೊನೆಗೆ ಸಿಗೋದು ಶೇಕಡಾ ಹತ್ತರಷ್ಟು ಹೆಚ್ಚು ಪವರ್ ಇರಬಹುದು. "ಅಷ್ಟಕ್ಕೇ ಇಷ್ಟಾ?" ಅಂತ ಅನಿಸಿದ್ರೆ ಪೆಟ್ರೋಲಲ್ಲೇ ಇರಿ, ಅದರಲ್ಲಿ ಅವಮಾನ ಏನಿಲ್ಲ, ಪೆಟ್ರೋಲಲ್ಲೂ ಕಲಿಯೋದು ಬೇಕಾದಷ್ಟಿದೆ. "ಹೌದು, ಅಷ್ಟಕ್ಕೇ ಇಷ್ಟು ಮಾಡ್ತೀವಿ" ಅನ್ನೋ ತಂಡ ಇದ್ರೆ ಲೆಕ್ಕದ ಹಾಳೆ ಹಿಡಿದು ಬನ್ನಿ. ವಿಭಾಗದ ಮುಖ್ಯಸ್ಥರ ಹತ್ತಿರ ನಿಮ್ಮ ಜೊತೆ ಬಂದು ಅನುಮತಿ ಕೇಳೋಕೆ ನಾವೂ ತಯಾರಿದ್ದೀವಿ.